ಎಳೆಯ ವಯಸ್ಸಿನ ಬಸಿರು: ತಾಯಿಗೂ ಮಗುವಿಗೂ ಒದಗುವ ಅಪಾಯಗಳು



ಮನೆಯಲ್ಲಿ ತೊಟ್ಟಿಲು ಕಟ್ಟಬೇಕೆಂಬುದು ಪ್ರತಿಯೊಂದು ಸಂಸಾರದ ಸಹಜವಾದ ಆಸೆ. ಮದುವೆಯಾಗಿ ವರ್ಷ ತುಂಬುವುದರೊಳಗಾಗಿ ‘ಏನಾದರೂ ವಿಶೇಷ ಉಂಟೇ?’ ಎಂದು ನೆಂಟರಿಷ್ಟರು ವಿಚಾರಿಸತೊಡಗುತ್ತಾರೆ. ಆದರೆ ತಾಯಿಯಾಗಲಿರುವ ಹುಡುಗಿಯ ವಯಸ್ಸೆಷ್ಟು, ಆಕೆಯ ದೇಹವು ಬಸಿರಿನ ಭಾರವನ್ನು ಹೊರಲು ಸಿದ್ಧವಾಗಿದೆಯೇ ಎಂದು ವಿಚಾರಿಸುವವರು ವಿರಳ. ಈ ಪಾಠದಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳಲಾಗಿದೆ. ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಕುಳಿತು ಇದನ್ನು ಓದಬೇಕು. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಬೇಕು. ಏಕೆಂದರೆ ಮೊದಲ ಮಗು ಯಾವಾಗ ಆಗಬೇಕೆಂಬ ನಿರ್ಧಾರವು ನಮ್ಮ ಹಳ್ಳಿಗಳಲ್ಲಿ ದಂಪತಿಗಳದೊಂದೇ ಆಗಿರದೆ ಇಡೀ ಮನೆಯ ನಿರ್ಧಾರವಾಗಿರುತ್ತದೆ.

ಇಲ್ಲಿ ಎಳೆಯ ವಯಸ್ಸು ಎಂದರೆ 20 ವರ್ಷ ತುಂಬುವುದಕ್ಕೆ ಮೊದಲಿನ ವಯಸ್ಸು ಎಂದು ತಿಳಿಯತಕ್ಕದ್ದು. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದೇ ಸಮೀಕ್ಷೆಯ ವೇಳೆಗೆ 15ರಿಂದ 19 ವರ್ಷದ ಹುಡುಗಿಯರ ಪೈಕಿ ನೂರಕ್ಕೆ ಸುಮಾರು 5 ಮಂದಿ ಆಗಲೇ ತಾಯಂದಿರಾಗಿದ್ದರು, ಇಲ್ಲವೇ ಬಸುರಿಯರಾಗಿದ್ದರು. ಆದುದರಿಂದ ಇದು ಎಲ್ಲಿಯೋ ದೂರದ ಊರಿನ ಸಂಗತಿಯಲ್ಲ. ನಮ್ಮ ಊರಿನ, ನಮ್ಮ ಕೇರಿಯ ಸಂಗತಿ.

1. ಮೈನೆರೆದ ಮಾತ್ರಕ್ಕೆ ದೇಹ ಬಲಿತಿರುವುದಿಲ್ಲ

ಕಸಿ ಮಾಡಿದ ಮಾವಿನ ಗಿಡವನ್ನು ನೆಟ್ಟವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ನೆಟ್ಟ ಮರುವರ್ಷವೇ ಅದು ಹೂ ಬಿಡಬಹುದು. ಆದರೆ ಅನುಭವಸ್ಥನಾದ ರೈತನು ಮೊದಲ ಕೆಲವು ವರ್ಷ ಅದರಲ್ಲಿ ಕಾಯಿ ನಿಲ್ಲಲು ಬಿಡುವುದಿಲ್ಲ. ಬೇರು ಇಳಿಯಬೇಕು, ಕಾಂಡ ದಪ್ಪವಾಗಬೇಕು, ಕೊಂಬೆಗಳು ಗಟ್ಟಿಯಾಗಬೇಕು. ಆ ಮೇಲೆ ಫಲ. ಹೂ ಬಿಟ್ಟಿತೆಂದ ಮಾತ್ರಕ್ಕೆ ಗಿಡವು ಕಾಯಿಯ ಭಾರ ಹೊರಲು ಸಿದ್ಧವಾಯಿತೆಂದು ಅರ್ಥವಲ್ಲ.

ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಸಾಮಾನ್ಯವಾಗಿ 12–14 ವರ್ಷದ ಹೊತ್ತಿಗೆ ಹುಡುಗಿ ಮೈನೆರೆಯುತ್ತಾಳೆ. ಅಂದಿನಿಂದ ಆಕೆ ಬಸಿರಾಗುವ ಸಾಧ್ಯತೆ ಇರುತ್ತದೆ. ಆದರೆ ಬಸಿರಾಗಬಲ್ಲಳು ಎಂಬುದು ಬೇರೆ, ಸುಖವಾಗಿ ಹೆರಬಲ್ಲಳು ಎಂಬುದು ಬೇರೆ. ಮೈನೆರೆದ ಮೇಲೂ ಆಕೆಯ ಎತ್ತರ ಇನ್ನಷ್ಟು ಬೆಳೆಯುತ್ತದೆ. ಸೊಂಟದ ಎಲುಬುಗಳು ಅಗಲವಾಗಿ ಬಲಿಯಲು ಮತ್ತೆ ಕೆಲವು ವರ್ಷಗಳೇ ಬೇಕು. ಮಗು ಹೊರಬರಬೇಕಾದುದು ಈ ಎಲುಬಿನ ಕಟ್ಟಿನ ನಡುವಿನಿಂದಲೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬೆಳೆಯುತ್ತಿರುವ ಹುಡುಗಿಯ ದೇಹಕ್ಕೆ ತನ್ನ ಬೆಳವಣಿಗೆಗಾಗಿಯೇ ಹೆಚ್ಚಿನ ಆಹಾರ, ಕಬ್ಬಿಣದ ಅಂಶ ಹಾಗೂ ಸುಣ್ಣದ ಅಂಶ ಬೇಕಾಗುತ್ತವೆ. ಇಂಥ ಸಮಯದಲ್ಲಿ ಆಕೆ ಬಸಿರಾದರೆ, ಒಂದೇ ತಟ್ಟೆಯ ಊಟಕ್ಕೆ ಬೆಳೆಯುವ ಜೀವಗಳೆರಡು ಕೈಯೊಡ್ಡಿದಂತಾಗುತ್ತದೆ. ತಾಯಿಯ ಬೆಳವಣಿಗೆಯೂ ಕುಂಠಿತವಾಗಬಹುದು, ಮಗುವಿನ ಬೆಳವಣಿಗೆಯೂ ಕುಂಠಿತವಾಗಬಹುದು.

2. ತಾಯಿಗೆ ಒದಗುವ ಅಪಾಯಗಳು

(ಅ) ರಕ್ತಹೀನತೆ: ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತ ಕಡಿಮೆ ಇದೆಯೆಂದು ಮೇಲೆ ಹೇಳಿದ ಸಮೀಕ್ಷೆಯಲ್ಲಿ ಕಂಡುಬಂದಿದೆ. ಪ್ರತಿ ತಿಂಗಳೂ ಮುಟ್ಟಿನಲ್ಲಿ ಹೋಗುವ ರಕ್ತ, ಊಟದಲ್ಲಿ ಸೊಪ್ಪು ಕಾಳುಗಳ ಕೊರತೆ, ಹೊಟ್ಟೆಯಲ್ಲಿ ಕೊಕ್ಕೆಹುಳು, ಇವೆಲ್ಲವೂ ಇದಕ್ಕೆ ಕಾರಣ. ಬಸಿರಿನಲ್ಲಿ ದೇಹಕ್ಕೆ ಒಟ್ಟು ಸುಮಾರು ಒಂದು ಗ್ರಾಂ ಹೆಚ್ಚುವರಿ ಕಬ್ಬಿಣದ ಅಂಶ ಬೇಕು. ಮೊದಲೇ ಬರಿದಾಗಿರುವ ಕಣಜದಿಂದ ಇದನ್ನು ತೆಗೆದುಕೊಡುವುದು ಹೇಗೆ? ಬಸುರಿಯ ರಕ್ತದಲ್ಲಿ ಹಿಮೊಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 7 ಗ್ರಾಂಗಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ಗಟ್ಟಿಮುಟ್ಟಾದ ಸ್ತ್ರೀಯು ಹೆರಿಗೆಯ ಕಾಲದ ರಕ್ತಸ್ರಾವವನ್ನು ತಡೆದುಕೊಂಡಾಳು. ರಕ್ತವಿಲ್ಲದವಳಿಗೆ ಅಷ್ಟೇ ಸ್ರಾವವು ಪ್ರಾಣಕ್ಕೆ ಮುಳುವಾಗಬಹುದು.

(ಆ) ಗರ್ಭನಂಜು: ಐದು ತಿಂಗಳ ನಂತರ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗುವುದು, ಮೂತ್ರದಲ್ಲಿ ಪ್ರೋಟೀನು ಹೋಗುವುದು, ಮುಖ ಮತ್ತು ಕೈಗಳು ಊದಿಕೊಳ್ಳುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಅಲಕ್ಷಿಸಿದರೆ ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತದೆ. 20 ದಾಟಿದವರಿಗಿಂತ ಎಳೆಯ ತಾಯಂದಿರಲ್ಲಿ ಈ ಅಪಾಯ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಫಿಟ್ಸ್ ಬಂದಾಗ ‘ಗಾಳಿ ಸೋಕಿದೆ’ ಎಂದು ಭಾವಿಸಿ ಮಂತ್ರ ಹಾಕಿಸುತ್ತ, ತಾಯಿತ ಕಟ್ಟಿಸುತ್ತ ಕಾಲ ಕಳೆಯಬಾರದು. ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರನ್ನಾಗಲಿ ಬೇರೆ ಏನನ್ನೇ ಆಗಲಿ ಹಾಕದೆ, ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

(ಇ) ಹೆರಿಗೆಯಲ್ಲಿ ತಡೆ: ಸೊಂಟದ ಕಟ್ಟು ಕಿರಿದಾಗಿದ್ದು ಮಗುವಿನ ತಲೆ ಅದರಲ್ಲಿ ಸಿಕ್ಕಿಕೊಂಡರೆ, ಎಷ್ಟು ನೋವು ತಿಂದರೂ ಹೆರಿಗೆ ಮುಂದುವರಿಯದು. ಹೆಚ್ಚಿನ ಅಪಾಯವಿರುವುದು ತೀರ ಎಳೆಯ ಹುಡುಗಿಯರಲ್ಲಿ, ಅದರಲ್ಲಿಯೂ 145 ಸೆಂಟಿಮೀಟರ್, ಅಂದರೆ ಸುಮಾರು ನಾಲ್ಕು ಅಡಿ ಒಂಬತ್ತು ಅಂಗುಲಕ್ಕಿಂತ ಗಿಡ್ಡವಾಗಿರುವವರಲ್ಲಿ. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ದೊರೆಯದಿದ್ದರೆ ಗರ್ಭಕೋಶ ಹರಿಯಬಹುದು, ಮಗು ಒಳಗೇ ಸಾಯಬಹುದು. ಬದುಕಿ ಉಳಿದ ತಾಯಿಗೂ ಒಂದು ಘೋರ ತೊಂದರೆ ಉಳಿಯಬಹುದು: ಮಗುವಿನ ತಲೆ ದೀರ್ಘಕಾಲ ಒತ್ತಿದ ಜಾಗದಲ್ಲಿ ಮಾಂಸ ಕೊಳೆತು ಮೂತ್ರಕೋಶಕ್ಕೂ ಹೆರಿಗೆಯ ದಾರಿಗೂ ನಡುವೆ ತೂತು ಬೀಳುತ್ತದೆ. ಇದಕ್ಕೆ ಫಿಸ್ಟುಲಾ ಎಂದು ಹೆಸರು. ಹಗಲಿರುಳೂ ಮೂತ್ರ ತಾನಾಗಿ ಸೋರುತ್ತದೆ. ದುರ್ವಾಸನೆಯ ಕಾರಣದಿಂದ ಆಕೆಯನ್ನು ಒಳಮನೆಗೆ ಸೇರಿಸದಿರುವುದೂ, ಗಂಡನು ತೊರೆಯುವುದೂ ಉಂಟು. ಇದು ಆಕೆಯ ತಪ್ಪಿನಿಂದ ಬಂದುದಲ್ಲ. ಶಸ್ತ್ರಚಿಕಿತ್ಸೆಯಿಂದ ಇದನ್ನು ಸರಿಪಡಿಸಬಹುದು.

(ಈ) ಬಾಣಂತಿ ನಂಜು: ಹೆರಿಗೆಯ ನಂತರ ಗರ್ಭಕೋಶಕ್ಕೆ ಸೋಂಕು ತಗಲಿ ಜ್ವರ, ಕಿಬ್ಬೊಟ್ಟೆಯ ನೋವು, ದುರ್ವಾಸನೆಯ ಸ್ರಾವ ಕಾಣಿಸಿಕೊಳ್ಳುತ್ತವೆ. ಎಳೆಯ ತಾಯಂದಿರಲ್ಲಿ ಇದೂ ಹೆಚ್ಚು. ‘ಬಾಣಂತಿಗೆ ಜ್ವರ ಸಹಜ’ ಎಂದು ಸುಮ್ಮನಿರುವುದು ತಪ್ಪು.

(ಉ) ಮನಸ್ಸಿನ ಕುಸಿತ: ಆಟಪಾಠದ ವಯಸ್ಸಿನಲ್ಲಿ ಶಾಲೆ ಬಿಟ್ಟು, ತವರು ಬಿಟ್ಟು, ಹೊಸ ಮನೆಯ ದುಡಿಮೆಯ ಜೊತೆಗೆ ಕೂಸಿನ ಹೊಣೆಯನ್ನೂ ಹೊತ್ತ ಹುಡುಗಿಯ ಮನಸ್ಸು ಕುಗ್ಗುವುದು ಆಶ್ಚರ್ಯವಲ್ಲ. ಬಾಣಂತಿಯು ಎರಡು ವಾರಕ್ಕಿಂತ ಹೆಚ್ಚು ಕಾಲ ಅಳುತ್ತಿದ್ದರೆ, ನಿದ್ದೆ ಊಟ ಬಿಟ್ಟರೆ, ಮಗುವನ್ನು ನೋಡಲೂ ಒಲ್ಲೆನೆಂದರೆ ಅದನ್ನು ಸೋಗೆಂದು ಬೈಯಬಾರದು, ವೈದ್ಯರಿಗೆ ತಿಳಿಸಬೇಕು. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೂ ಉಚಿತವಾಗಿ ಕರೆ ಮಾಡಬಹುದು.

3. ಮಗುವಿಗೆ ಒದಗುವ ಅಪಾಯಗಳು

ತುಂಬಿದ ಬಸಿರು ಎಂದರೆ ಸುಮಾರು 40 ವಾರ. 37 ವಾರ ತುಂಬುವುದಕ್ಕೆ ಮೊದಲೇ ಹುಟ್ಟಿದ ಮಗುವಿಗೆ ಅವಧಿಗೆ ಮುನ್ನ ಹುಟ್ಟಿದ ಮಗು ಎನ್ನುತ್ತಾರೆ. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ಇರುವ ಮಗುವಿಗೆ ಕಡಿಮೆ ತೂಕದ ಮಗು ಎನ್ನುತ್ತಾರೆ. 20ರಿಂದ 24 ವರ್ಷದ ತಾಯಂದಿರ ಮಕ್ಕಳಿಗಿಂತ ಎಳೆಯ ತಾಯಂದಿರ ಮಕ್ಕಳಲ್ಲಿ ಈ ಎರಡು ತೊಂದರೆಗಳೂ ಹೆಚ್ಚು.

ತೂಕ ಕಡಿಮೆಯಾದರೆ ಆಗುವ ನಷ್ಟವೇನು? ಇಂಥ ಮಗುವಿನ ಚರ್ಮದಡಿಯಲ್ಲಿ ಕೊಬ್ಬು ಇರುವುದಿಲ್ಲವಾದುದರಿಂದ ಅದು ಬೇಗನೆ ತಣ್ಣಗಾಗುತ್ತದೆ. ಮೊಲೆ ಚೀಪುವ ಶಕ್ತಿ ಸಾಲದು. ಅವಧಿಗೆ ಮುನ್ನ ಹುಟ್ಟಿದ್ದರೆ ಶ್ವಾಸಕೋಶ ಬಲಿತಿರುವುದಿಲ್ಲ; ಉಸಿರಾಟಕ್ಕೆ ಕಷ್ಟ. ಸೋಂಕು ಸುಲಭವಾಗಿ ತಗಲುತ್ತದೆ. ಮೊದಲ ತಿಂಗಳೇ ಇಂಥ ಮಗುವಿಗೆ ದೊಡ್ಡ ಗಂಡಾಂತರ. ಅದನ್ನು ದಾಟಿದರೂ ಬೆಳವಣಿಗೆ ಹಾಗೂ ಕಲಿಕೆಯಲ್ಲಿ ಹಿಂದುಳಿಯಬಹುದು. ಸಣಕಲಾಗಿ ಹುಟ್ಟಿದ ಹೆಣ್ಣುಮಗು ಸಣಕಲಾಗಿಯೇ ಬೆಳೆದು, ತಾನೂ ಎಳೆಯ ವಯಸ್ಸಿನಲ್ಲಿ ತಾಯಿಯಾದರೆ, ಅದೇ ಕಷ್ಟ ಮುಂದಿನ ತಲೆಮಾರಿಗೂ ಮುಂದುವರಿಯುತ್ತದೆ. ಈ ಸರಪಣಿಯನ್ನು ತುಂಡರಿಸುವ ಶಕ್ತಿ ಇಂದಿನ ದಂಪತಿಗಳಾದ ನಿಮ್ಮ ಕೈಯಲ್ಲಿದೆ.

ಇಷ್ಟೆಲ್ಲ ಹೇಳಿದುದು ಹೆದರಿಸಲಿಕ್ಕಲ್ಲ. ಅಪಾಯವು ಎಲ್ಲ ವಯಸ್ಸಿನಲ್ಲಿಯೂ ಒಂದೇ ಸಮನಾಗಿರುವುದಿಲ್ಲ. 16 ತುಂಬದವರಿಗೆ ಅದು ಅತಿ ಹೆಚ್ಚು; ವಯಸ್ಸು ಏರಿದಂತೆ ಇಳಿಯುತ್ತ ಬರುತ್ತದೆ. 19 ತುಂಬಿದ, ಮೈಯಲ್ಲಿ ರಕ್ತವಿರುವ, ಸರಿಯಾದ ಊಟ ಹಾಗೂ ತಪಾಸಣೆ ದೊರೆತ ತಾಯಿಗೆ ಸುಖಪ್ರಸವವಾಗುವುದೇ ಹೆಚ್ಚು. ಆದುದರಿಂದ ಮದುವೆಯನ್ನು ಮುಂದೂಡಿದ, ಮೊದಲ ಬಸಿರನ್ನು ತಡಮಾಡಿದ ಪ್ರತಿಯೊಂದು ವರ್ಷವೂ ಲಾಭವೇ.

4. ಹಿರಿಯರ ಮಾತು, ಅದಕ್ಕೆ ಉತ್ತರ

ಈ ವಿಷಯ ಎತ್ತಿದೊಡನೆ ಮನೆಯಲ್ಲಿ ಕೆಲವು ಮಾತುಗಳು ಬರುತ್ತವೆ. ಅವುಗಳನ್ನು ತಳ್ಳಿಹಾಕದೆ ಸಮಾಧಾನದಿಂದ ಉತ್ತರಿಸಬೇಕು.

‘ನಾವು ಹದಿನೈದಕ್ಕೆ ಹೆತ್ತವರು, ಚೆನ್ನಾಗಿಲ್ಲವೇ?’ ಹೌದು, ಅಜ್ಜಿ ಚೆನ್ನಾಗಿದ್ದಾರೆ. ಅದು ನಮ್ಮ ಪುಣ್ಯ. ಆದರೆ ಅವರ ಓರಗೆಯವರಲ್ಲಿ ಎಷ್ಟು ಮಂದಿ ಹೆರಿಗೆಯ ಮನೆಯಿಂದ ಹೊರಬರಲಿಲ್ಲ, ಅವರಿಗೇ ಹುಟ್ಟಿದ ಎಷ್ಟು ಮಕ್ಕಳು ಮಣ್ಣಾದವು ಎಂದು ಕೇಳಿ ನೋಡಿರಿ. ಅವರ ಕಣ್ಣಲ್ಲಿ ನೀರಾಡಬಹುದು. ಉಳಿದು ಬಂದವರು ಮಾತ್ರ ಇಂದು ನಮಗೆ ಕಥೆ ಹೇಳಬಲ್ಲರು. ಉಳಿಯದವರ ಕಥೆ ಹೇಳುವವರಿಲ್ಲ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಹುಟ್ಟಿದುದೇ ಆ ಕಾಲದ ಅನುಭವದಿಂದ.

‘ಮೊದಲ ಮಗುವನ್ನು ತಡಮಾಡಿದರೆ ಮುಂದೆ ಮಕ್ಕಳೇ ಆಗುವುದಿಲ್ಲ.’ ಇದು ನಿಜವಲ್ಲ. ನಿರೋಧ್, ಗುಳಿಗೆ ಮುಂತಾದ ತಾತ್ಕಾಲಿಕ ವಿಧಾನಗಳನ್ನು ನಿಲ್ಲಿಸಿದ ಮೇಲೆ ಬಸಿರಾಗುವ ಶಕ್ತಿ ಮರಳಿ ಬರುತ್ತದೆ. ನಿಜವಾಗಿ ಬಂಜೆತನಕ್ಕೆ ದಾರಿಯಾಗುವುದು ಎಳೆಯ ವಯಸ್ಸಿನ ಕಷ್ಟದ ಹೆರಿಗೆ, ಕಳ್ಳ ಗರ್ಭಪಾತ ಹಾಗೂ ಅವುಗಳಿಂದ ತಗಲುವ ಸೋಂಕು.

‘ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ.’ ಕಡಿಮೆ ಉಂಡರೆ ಸೊಂಟದ ದಾರಿ ಅಗಲವಾಗುವುದಿಲ್ಲ. ತಾಯಿ ನಿಶ್ಶಕ್ತಳಾಗುತ್ತಾಳೆ, ಮಗು ಬಡಕಲಾಗುತ್ತದೆ, ಅಷ್ಟೆ.

5. ಕಾನೂನು ಏನು ಹೇಳುತ್ತದೆ?

ಎಳೆಯ ಮದುವೆಯನ್ನು ತಡೆಯುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷಕ್ಕಿಂತ ಚಿಕ್ಕ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಶಾರದಾ ಕಾಯಿದೆಯೆಂದು ಹೆಸರಾದ 1929ರ ಕಾಯಿದೆಯು ಹುಡುಗಿಗೆ 14, ಹುಡುಗನಿಗೆ 18 ವರ್ಷವನ್ನು ಗೊತ್ತುಪಡಿಸಿತು. 1978ರ ತಿದ್ದುಪಡಿಯಿಂದ ಅದು ಹುಡುಗಿಗೆ 18, ಹುಡುಗನಿಗೆ 21 ಆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ, ಬಾಲ್ಯವಿವಾಹವನ್ನು ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕರ್ನಾಟಕವು ತಂದ 2016ರ ತಿದ್ದುಪಡಿಯಂತೆ, ಆ ತಿದ್ದುಪಡಿ ಜಾರಿಗೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ನಡೆದ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಎಲ್ಲಿಯಾದರೂ ಇಂಥ ಮದುವೆಗೆ ಸಿದ್ಧತೆ ನಡೆದಿದ್ದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಬಹುದು.

18 ತುಂಬದವಳೊಡನೆ ದೇಹಸಂಬಂಧ ಇಟ್ಟುಕೊಳ್ಳುವುದು, ಆಕೆ ತಾಳಿ ಕಟ್ಟಿದ ಹೆಂಡತಿಯೇ ಆಗಿದ್ದರೂ ಅಪರಾಧವೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ. ಆದುದರಿಂದ ಹಿರಿಯರು ಮದುವೆ ಮುಗಿಸಿಬಿಟ್ಟಿದ್ದರೂ ಆ ಹುಡುಗಿ ತವರಿನಲ್ಲಿಯೇ ಇದ್ದು ಓದು ಮುಂದುವರಿಸಲಿ.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. 18 ತುಂಬದ ಬಾಲಕಿ ಬಸಿರಾಗಿ ಬಂದಾಗ ವೈದ್ಯರು ಅದನ್ನು ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯಿದೆಯು ವಿಧಿಸಿದೆ. ಇದಕ್ಕೆ ಅಂಜಿ ಕೆಲವು ಮನೆಗಳವರು ಬಸಿರನ್ನು ಮುಚ್ಚಿಡುತ್ತಾರೆ, ಸುಳ್ಳು ವಯಸ್ಸು ಬರೆಸುತ್ತಾರೆ, ದೂರದ ನೆಂಟರ ಮನೆಯಲ್ಲಿ ಗುಟ್ಟಾಗಿ ಹೆರಿಗೆ ಮಾಡಿಸಲು ನೋಡುತ್ತಾರೆ. ಎಲ್ಲರಿಗಿಂತ ಹೆಚ್ಚು ಆರೈಕೆ ಬೇಕಾದವಳಿಗೆ ಹೀಗೆ ಯಾವ ಆರೈಕೆಯೂ ಸಿಗದಂತಾಗುತ್ತದೆ. ಸುಳ್ಳು ವಯಸ್ಸು ಬರೆಸಿದರೆ ವೈದ್ಯರು ಅಪಾಯವನ್ನು ಮುಂಚಿತವಾಗಿ ಗುರುತಿಸುವುದು ಹೇಗೆ? ವಯಸ್ಸು ಎಷ್ಟೇ ಇರಲಿ, ಬಸುರಿಗೆ ಚಿಕಿತ್ಸೆ ಕೊಡಲೇಬೇಕು. ಮೊಕದ್ದಮೆಯನ್ನು ಎದುರಿಸಬಹುದು, ಹೋದ ಜೀವವನ್ನು ಮರಳಿ ತರಲಾಗದು.

6. ಮೊದಲ ಬಸಿರನ್ನು ಮುಂದೂಡುವ ವಿಧಾನಗಳು

18 ತುಂಬಿ ಮದುವೆಯಾದವರೂ ಮೊದಲ ಮಗುವಿಗಾಗಿ ಇನ್ನೆರಡು ಮೂರು ವರ್ಷ ಕಾಯುವುದು ಒಳ್ಳೆಯದು. ಈ ಅವಧಿಯಲ್ಲಿ ಹೆಂಡತಿಯ ಮೈಯಲ್ಲಿ ರಕ್ತ ತುಂಬುತ್ತದೆ, ಗಂಡಹೆಂಡಿರು ಒಬ್ಬರನ್ನೊಬ್ಬರು ಅರಿಯುತ್ತಾರೆ, ಕೈಯಲ್ಲಿ ನಾಲ್ಕು ಕಾಸು ಕೂಡುತ್ತದೆ. 1930ರಲ್ಲಿಯೇ ಮೈಸೂರು ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಒಪ್ಪಿಗೆ ನೀಡಿತ್ತು. ಹೀಗಿರುವಾಗ ಇಂದಿನ ದಂಪತಿಗಳು ಈ ವಿಷಯದಲ್ಲಿ ನಾಚಬೇಕಾದುದಿಲ್ಲ. ಕೆಳಗಿನ ಸಾಧನಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ನಿರೋಧ್: ಗಂಡನು ಬಳಸತಕ್ಕ ಸಾಧನ. ಪ್ರತಿಸಲವೂ ಹೊಸದನ್ನು ಬಳಸಬೇಕು. ಲೈಂಗಿಕ ರೋಗಗಳಿಂದಲೂ ರಕ್ಷಣೆ ಕೊಡುವ ಸಾಧನ ಇದೊಂದೇ. ಮಗುವನ್ನು ಮುಂದೂಡುವ ಹೊಣೆ ಹೆಂಡತಿಯೊಬ್ಬಳದೇ ಅಲ್ಲವೆಂಬುದನ್ನು ಗಂಡಂದಿರು ಮರೆಯಬಾರದು.

ಮಾಲಾ-ಎನ್ ಗುಳಿಗೆ: ಒಂದು ಹಾಳೆಯಲ್ಲಿ 28 ಗುಳಿಗೆಗಳಿರುತ್ತವೆ, ಅವುಗಳಲ್ಲಿ ಕೊನೆಯ 7 ಕಬ್ಬಿಣದ ಗುಳಿಗೆಗಳು. ದಿನಕ್ಕೊಂದರಂತೆ ತಪ್ಪದೆ ನುಂಗಬೇಕು. ರಕ್ತದೊತ್ತಡ, ಕಾಮಾಲೆ ಅಥವಾ ತೀವ್ರ ತಲೆನೋವು ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಛಾಯಾ ಗುಳಿಗೆ: ಇದರಲ್ಲಿ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆ ಮೇಲೆ ವಾರಕ್ಕೊಂದು. ಮುಟ್ಟು ಸ್ವಲ್ಪ ತಡವಾಗಬಹುದು; ಅದಕ್ಕೆ ಗಾಬರಿ ಬೇಡ.

ಅಂತರಾ ಚುಚ್ಚುಮದ್ದು: ಮೂರು ತಿಂಗಳಿಗೊಮ್ಮೆ. ನಿಲ್ಲಿಸಿದ ಮೇಲೆ ಬಸಿರಾಗಲು ಕೆಲವು ತಿಂಗಳು ಹಿಡಿಯಬಹುದು. ಆದುದರಿಂದ ಲೆಕ್ಕ ಹಾಕಿಕೊಂಡು ನಿಲ್ಲಿಸಬೇಕು.

ವಂಕಿ (ಕಾಪರ್-ಟಿ): ಐದು ವರ್ಷದ್ದು, ಹತ್ತು ವರ್ಷದ್ದು ಎಂದು ಎರಡು ಬಗೆ. ಬೇಡವೆನಿಸಿದಾಗ ತೆಗೆಸಬಹುದು. ಇನ್ನೂ ಮಕ್ಕಳಾಗದವರೂ ವೈದ್ಯರ ಪರೀಕ್ಷೆಯ ನಂತರ ಹಾಕಿಸಿಕೊಳ್ಳಬಹುದು.

ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ಆರೋಗ್ಯ ಸಹಾಯಕಿಯೊಡನೆ ಮಾತನಾಡಿ ನೀವಿಬ್ಬರೇ ನಿರ್ಧರಿಸಬೇಕು. ನಿರೋಧ್ ಹರಿದಾಗ ಅಥವಾ ಯಾವ ಸಾಧನವನ್ನೂ ಬಳಸದಿದ್ದಾಗ 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಗುಳಿಗೆಯೂ ಇದೆ. ಅದು ತುರ್ತಿಗೆ ಮಾತ್ರ, ನಿತ್ಯದ ಬಳಕೆಗಲ್ಲ.

7. ಈಗಾಗಲೇ ಬಸಿರಾಗಿದ್ದರೆ

ಬಸಿರಾಗಿಬಿಟ್ಟಿದ್ದರೆ ಗದರಿಸಿ ಫಲವಿಲ್ಲ. ಮುಂದಿನ ಪ್ರತಿಯೊಂದು ವಾರವೂ ಅಮೂಲ್ಯ.

ಮುಟ್ಟು ನಿಂತೊಡನೆ, 12 ವಾರದೊಳಗೆ, ಆಶಾ ಕಾರ್ಯಕರ್ತೆಯ ಮೂಲಕ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ನಿಜವಾದ ವಯಸ್ಸನ್ನೇ ಹೇಳಿರಿ. ಬಸಿರನ್ನು ಮುಂದುವರಿಸಲಾಗದ ಪರಿಸ್ಥಿತಿಯಿದ್ದರೆ, 1971ರ ಕಾಯಿದೆ ಮತ್ತು ಅದರ 2021ರ ತಿದ್ದುಪಡಿಯಂತೆ ಅಂಗೀಕೃತ ಆಸ್ಪತ್ರೆಯಲ್ಲಿ ತರಬೇತಿ ಪಡೆದ ವೈದ್ಯರಿಂದಲೇ ಗರ್ಭಪಾತ ಮಾಡಿಸಬೇಕು. ಕಡ್ಡಿ ಹಾಕಿಸುವುದು, ನಾಟಿ ಔಷಧಿ, ಅಂಗಡಿಯಿಂದ ತಾವೇ ತಂದ ಗುಳಿಗೆ, ಇವು ಪ್ರಾಣಕ್ಕೆ ಅಪಾಯ.

ಕನಿಷ್ಠ ನಾಲ್ಕು ಸಲ ತಪಾಸಣೆಯಾಗಬೇಕು. ಎಳೆಯ ತಾಯಿಗೆ ಅದಕ್ಕಿಂತ ಹೆಚ್ಚಾದರೂ ಒಳ್ಳೆಯದೇ. ಪ್ರತಿಸಲವೂ ತೂಕ, ರಕ್ತದೊತ್ತಡ, ರಕ್ತ ಹಾಗೂ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿರಿ. ಪ್ರತಿ ತಿಂಗಳು 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿ ವಿಶೇಷ ತಪಾಸಣೆ ನಡೆಯುತ್ತದೆ.

ಮೊದಲ ಮೂರು ತಿಂಗಳು ಫೋಲಿಕ್ ಆಮ್ಲದ ಗುಳಿಗೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣದ ಗುಳಿಗೆ. ಹೆರಿಗೆಯ ನಂತರವೂ 180 ದಿನ. ಮಲ ಕಪ್ಪಾದರೆ ಹೆದರಬೇಕಿಲ್ಲ. ಗುಳಿಗೆಯನ್ನು ಚಹಾ ಕಾಫಿಯೊಡನೆ ನುಂಗಬಾರದು. ನಿಂಬೆಹಣ್ಣಿನ ಪಾನಕದೊಡನೆ ನುಂಗಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಸುಣ್ಣದ ಅಂಶದ ಗುಳಿಗೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.

ಊಟಕ್ಕೆ ದುಬಾರಿ ಪದಾರ್ಥ ಬೇಕಿಲ್ಲ. ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ, ನುಗ್ಗೆಸೊಪ್ಪು, ಹೆಸರುಕಾಳು, ಹುರುಳಿ, ಕಡಲೆಕಾಯಿ, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು, ಇಷ್ಟು ಸಾಕು. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದುದನ್ನು ಸೊಸೆ ಉಣ್ಣುವ ಪದ್ಧತಿಯನ್ನು ಈ ದಿನಗಳಲ್ಲಾದರೂ ಬಿಡಬೇಕು. ಬಸುರಿಗೇ ಮೊದಲು ಬಡಿಸಬೇಕು. ಹೆರಿಗೆಯ ಹೊತ್ತಿಗೆ ಸುಮಾರು 9ರಿಂದ 11 ಕಿಲೋ ತೂಕ ಏರಬೇಕು. ಭಾರದ ಕೊಡ, ಸೌದೆ ಹೊರೆಗಳನ್ನು ಗಂಡ ಹೊರಲಿ. ಹಗಲು ಎರಡು ಗಂಟೆಯಾದರೂ ಆಕೆಗೆ ವಿಶ್ರಾಂತಿ ಬೇಕು.

ಮೊದಲ ಹೆರಿಗೆಗೆ ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ವಾಡಿಕೆ. ಸೀಮಂತ ಮುಗಿಸಿ ಹೊರಡುವಾಗ ಮಡಿಲಕ್ಕಿಯ ಜೊತೆಗೆ ತಾಯಿ ಕಾರ್ಡನ್ನೂ ಗುಳಿಗೆಗಳನ್ನೂ ಕಟ್ಟಿಕೊಡಿ. ತವರೂರಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿರಿ. ಊರು ಬದಲಾದಾಗ ತಪಾಸಣೆ ತಪ್ಪಿಹೋಗುವುದು ಬಹಳ.

ಎಳೆಯ ತಾಯಿಯ ಹೆರಿಗೆಯನ್ನು ಮನೆಯಲ್ಲಿ ಮಾಡಿಸಲೇಬಾರದು. ಶಸ್ತ್ರಚಿಕಿತ್ಸೆ ಹಾಗೂ ರಕ್ತ ದೊರೆಯುವ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ.

ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾದ ಲಕ್ಷಣಗಳು: ರಕ್ತ ಹೋಗುವುದು, ವಿಪರೀತ ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಫಿಟ್ಸ್, ಜ್ವರ, ಮಗುವಿನ ಚಲನೆ ಕಡಿಮೆಯಾಗುವುದು, ನೋವಿಲ್ಲದೆ ನೀರು ಒಡೆಯುವುದು, ನೋವು ಆರಂಭವಾಗಿ 12 ಗಂಟೆಯಾದರೂ ಹೆರಿಗೆಯಾಗದಿರುವುದು. ಇವುಗಳಲ್ಲಿ ಒಂದು ಕಂಡರೂ ಸಾಕು. ಬೆಳಗಾಗಲೆಂದು, ಯಜಮಾನರು ಬರಲೆಂದು ಕಾಯಬಾರದು.

8. ಹೆರಿಗೆಯ ನಂತರ

ಒಂದು ಗಂಟೆಯೊಳಗೆ ಮೊಲೆಯುಣಿಸಬೇಕು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಅದೇ ಮಗುವಿಗೆ ಮೊದಲ ಲಸಿಕೆಯಿದ್ದಂತೆ. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಜೇನು, ಸಕ್ಕರೆನೀರು, ಹಸುವಿನ ಹಾಲು ಯಾವುದೂ ಬೇಡ. ಎಳೆಯ ತಾಯಿಗೂ ಮಗುವಿಗೆ ಸಾಕಾಗುವಷ್ಟು ಹಾಲು ಬರುತ್ತದೆ. ಆಕೆಗೆ ಬೇಕಾದುದು ಧೈರ್ಯ ಹೇಳುವವರು. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅವಚಿ ಕಟ್ಟಿ ಬೆಚ್ಚಗಿಡಬೇಕು. ಈ ಕೆಲಸವನ್ನು ತಂದೆಯೂ ಅಜ್ಜಿಯೂ ಮಾಡಬಹುದು. ಮಗು ಹಾಲು ಕುಡಿಯದಿದ್ದರೆ, ತಣ್ಣಗಾದರೆ, ಏದುಸಿರು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಒಂದು ಬಸಿರಿನಿಂದ ಬಳಲಿದ ಎಳೆಯ ದೇಹಕ್ಕೆ ಮರುವರ್ಷವೇ ಇನ್ನೊಂದು ಬಸಿರು ಬಂದರೆ ಅಪಾಯ ಇಮ್ಮಡಿಯಾಗುತ್ತದೆ. ಎರಡು ಹೆರಿಗೆಗಳ ನಡುವೆ ಮೂರು ವರ್ಷದ ಅಂತರವಿರಲಿ. ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲಿಯೇ ವಂಕಿ ಹಾಕಿಸಿಕೊಳ್ಳಬಹುದು. ಮೊಲೆಯುಣಿಸುವವರು ಛಾಯಾ ಗುಳಿಗೆ ತೆಗೆದುಕೊಳ್ಳಬಹುದು. ಆರು ವಾರದ ನಂತರ ಅಂತರಾ ಚುಚ್ಚುಮದ್ದು ಪಡೆಯಬಹುದು. ಮಾಲಾ-ಎನ್ ಮಾತ್ರ ಮೊದಲ ಆರು ತಿಂಗಳು ಬೇಡ.

ನೆನಪಿನಲ್ಲಿಡಬೇಕಾದ ಅಂಶಗಳು

• ಮೈನೆರೆಯುವುದು ಬೇರೆ, ದೇಹ ಬಲಿಯುವುದು ಬೇರೆ.
• ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮದುವೆ ಬೇಡ. 20 ತುಂಬುವ ಮೊದಲು ಮಗು ಬೇಡ.
• ಬಸಿರನ್ನು ಮುಚ್ಚಿಡಬೇಡಿ, ವಯಸ್ಸನ್ನು ಮರೆಮಾಚಬೇಡಿ.
• ಎಳೆಯ ತಾಯಿಯ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ.
• ಮುಂದಿನ ಮಗುವಿಗೆ ಮೂರು ವರ್ಷ ಕಾಯಿರಿ.

ಮನೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಮೊದಲು ಊಟಕ್ಕೆ ಕೂರುವವರು ಯಾರು, ಕೊನೆಗೆ ಕೂರುವವರು ಯಾರು?
2. ನಿಮ್ಮ ತಾಯಿ, ಅತ್ತೆ, ಅಜ್ಜಿಯರಿಗೆ ಮೊದಲ ಮಗುವಾದಾಗ ವಯಸ್ಸೆಷ್ಟು? ಅವರ ಎಷ್ಟು ಮಕ್ಕಳು ಉಳಿದವು?
3. ನಡುರಾತ್ರಿ ನೋವು ಕಾಣಿಸಿಕೊಂಡರೆ ನೀವು ಯಾವ ಆಸ್ಪತ್ರೆಗೆ, ಹೇಗೆ ಹೋಗುವಿರಿ?
4. ನಿಮ್ಮ ಮಗಳು ಅಥವಾ ತಂಗಿಯ ಮದುವೆಯ ಮಾತು ಬಂದಾಗ ನೀವು ಏನು ಹೇಳುವಿರಿ?

ನಾಲ್ಕನೆಯ ಪ್ರಶ್ನೆಗೆ ಇಂದೇ ಉತ್ತರ ಯೋಚಿಸಿಡಿರಿ. ಆ ಮಾತು ಬರುವ ದಿನ ಮನೆ ತುಂಬ ನೆಂಟರಿರುತ್ತಾರೆ. ಆ ಹುಡುಗಿಯ ಪರವಾಗಿ ಮಾತನಾಡಲು ಆಗ ನೀವಿಬ್ಬರಲ್ಲದೆ ಬೇರೆ ಯಾರೂ ಇಲ್ಲದಿರಬಹುದು.